ಟ್ಯಾಂಕ್ ಹೋಗಿ ಹಂದಿ ಬಂತು

ಟಿವಿ ಗೇಮ್ ಆಡಿ ಬೆಳೆದವರಿಗೆ ‘ಟ್ಯಾಂಕ್’ ನೆನಪಿರಲೇಬೇಕು. ಪರದೆಯ ಕೆಳಗೆ, ಸರಿಯಾಗಿ ನಡುವಿನಲ್ಲಿ ಒಂದು ಹದ್ದು. ಅದರ ಸುತ್ತ ಇಟ್ಟಿಗೆ ಗೋಡೆ. ಮೇಲಿನಿಂದ ಇಳಿದು ಬರುವ ಇಪ್ಪತ್ತು ಶತ್ರು ಟ್ಯಾಂಕುಗಳು. ನಮ್ಮದು ಹಳದಿ ಟ್ಯಾಂಕ್, ಜೊತೆಗೆ ಅಣ್ಣನೋ ತಮ್ಮನೋ ಇದ್ದರೆ ಅವರದ್ದು ಹಸಿರು. ಶತ್ರುವಿಗಿಂತ ಹೆಚ್ಚು ಗುಂಡು ಅಣ್ಣನ ಟ್ಯಾಂಕಿಗೇ ಹೊಡೆದು ಅವನನ್ನು ಅಲ್ಲಾಡದ ಹಾಗೆ ನಿಲ್ಲಿಸುವುದು... ಗೊತ್ತಲ್ಲ? :)

ಆ ಆಟದ ನಿಜವಾದ ಹೆಸರು ಬ್ಯಾಟಲ್ ಸಿಟಿ. ಜಪಾನಿನ ನಾಮ್ಕೊ ಕಂಪೆನಿ 1980ರಲ್ಲಿ ಟ್ಯಾಂಕ್ ಬೆಟಾಲಿಯನ್ ಅಂತ ಒಂದು ಆರ್ಕೇಡ್ ಆಟ ಮಾಡಿತ್ತು. ಆರ್ಕೇಡ್ ಅಂದರೆ ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆ. ಅದನ್ನೇ ಬೆಳೆಸಿ 1985ರಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ ಬ್ಯಾಟಲ್ ಸಿಟಿ ತಂದರು. ಒಟ್ಟು 35 ಹಂತ. ಇಡೀ ಆಟದ ಗಾತ್ರ 24 ಕಿಲೋಬೈಟ್, ಅದರಲ್ಲಿ 16 ಪ್ರೋಗ್ರಾಮ್, 8 ಚಿತ್ರಗಳು. ದಿನಾ ಬೆಳಿಗ್ಗೆ ಸಂಬಂಧಿಕರು ವಾಟ್ಸಾಪಿನಲ್ಲಿ ಕಳಿಸುವ ಗುಡ್ ಮಾರ್ನಿಂಗ್ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ.

ನಮ್ಮ ಮನೆಗೆ ಬಂದ ಕ್ಯಾಸೆಟ್‌ನಲ್ಲಿ (ಕಾರ್ಟ್ರಿಜ್ ಅನ್ನಬೇಕು, ಆದರೆ ನಮ್ಮ ಕಡೆ ಅದು ಕ್ಯಾಸೆಟ್ಟೇ) ಇದ್ದದ್ದು ಮಾತ್ರ ‘ಟ್ಯಾಂಕ್ 1990’. ಯಾರೋ ಬ್ಯಾಟಲ್ ಸಿಟಿಯನ್ನು ಬಿಚ್ಚಿ, ಹಂತಗಳನ್ನು ಬದಲಿಸಿ, ನೀರಿನ ಮೇಲೆ ಹೋಗಲು ಒಂದು ದೋಣಿ ಸೇರಿಸಿ ಮಾಡಿದ ಆವೃತ್ತಿ. ನಾಮ್ಕೊ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ದೋಣಿ ಸೇರಿಸಿದವನ ಹೆಸರೂ ನಮಗೆ ಗೊತ್ತಾಗಲಿಲ್ಲ. ಅದೇ ಕ್ಯಾಸೆಟ್‌ನಲ್ಲಿ ಸಾವಿರಾರು ಆಟ ಉಂಟು ಅಂತ ಮೇಲೆ ಬರೆದಿತ್ತು. ಆಡಿ ನೋಡಿದರೆ ಹತ್ತಿಪ್ಪತ್ತು ಆಟ, ಉಳಿದದ್ದೆಲ್ಲ ಅವುಗಳದ್ದೇ ತಿದ್ದಿದ ರೂಪ. ಒಂದರಲ್ಲಿ ಜೀವ ಜಾಸ್ತಿ, ಇನ್ನೊಂದರಲ್ಲಿ ಮೂರನೇ ಹಂತದಿಂದ ಶುರು... ಹೀಗೆ.

ಈಗ ವಿಷಯಕ್ಕೆ ಬರೋಣ. ಬೇರೆಯವರು ಮಾಡಿದ ಆಟವನ್ನು ಅಭಿಮಾನದಿಂದ ಬಿಚ್ಚಿ ತಿದ್ದುವುದು ಕಳ್ಳತನವಾ? ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ನಾನೇ ಅಂಥದೊಂದು ಕೆಲಸಕ್ಕೆ ಕೈ ಹಾಕಿದ ಮೇಲೆ.

ಕಂಪೆನಿ ಕೆಲಸದ ಮೇಲೆ ಜಪಾನಿಗೆ ಹೋಗಿದ್ದ ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಬ್ಯಾಟಲ್ ಸಿಟಿಯ ಅಸಲಿ ಕ್ಯಾಸೆಟ್ ತಂದುಕೊಟ್ಟಿದ್ದ. ರಜೆಗೆ ಪುತ್ತಿಗೆಗೆ ಹೋದಾಗ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಎಮ್ಯುಲೇಟರಿನಲ್ಲಿ ಆಡುತ್ತಿದ್ದೆ. ಆರನೇ ಕ್ಲಾಸಿನ ಅಳಿಯ (ಅಕ್ಕನ ಮಗ) ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ನೋಡಿ ಕೇಳಿದ, “ಮಾಮ, ಈ ಹದ್ದನ್ನು ನಾವ್ಯಾಕೆ ಕಾಯ್ಬೇಕು? ಅದಕ್ಕೆ ಹಾರಿ ಹೋಗ್ಲಿಕ್ಕೆ ಆಗುದಿಲ್ವಾ?”

ನಲವತ್ತು ವರ್ಷದ ಹಳೆಯ ಆಟ. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ ನೋಡಿ!

“ಹಾಗಾದ್ರೆ ಎಂಥ ಕಾಯುವ?” ಅಂದೆ.

“ಭತ್ತ. ಹಂದಿ ಬರ್ತದಲ್ಲ.”

ಅಲ್ಲಿಗೆ ಮುಗಿಯಿತು. ಮೂರು ದಿನ ಇಬ್ಬರಿಗೂ ಬೇರೆ ಕೆಲಸ ಇಲ್ಲ. ಹದ್ದಿನ ಜಾಗದಲ್ಲಿ ಭತ್ತದ ರಾಶಿ ಬಂತು. ಶತ್ರು ಟ್ಯಾಂಕುಗಳೆಲ್ಲ ಕಾಡುಹಂದಿಯಾದವು. ನಮ್ಮ ಟ್ಯಾಂಕ್ ಟಿಲ್ಲರ್ ಆಯಿತು. ಇಟ್ಟಿಗೆಗೆ ಮುರಕಲ್ಲಿನ ಬಣ್ಣ, ಸುಲಭಕ್ಕೆ ಒಡೆಯದ ಉಕ್ಕಿನ ಗೋಡೆಗೆ ಪಾದೆಕಲ್ಲು, ನದಿಗೆ ತೋಡು. ಮೂಲ ಆಟದಲ್ಲಿ ಮಂಜುಗಡ್ಡೆಯ ಮೇಲೆ ಟ್ಯಾಂಕ್ ಜಾರುತ್ತದೆ. ನಮ್ಮಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು? ಅದು ಕೆಸರು ಗದ್ದೆ. ತಲೆ ಕಾಯುವ ಹೆಲ್ಮೆಟ್ ಮುಟ್ಟಾಳೆಯಾಯಿತು, ಗೋಡೆ ಗಟ್ಟಿ ಮಾಡುವ ಸಲಿಕೆ ಹಾರೆಯಾಯಿತು. ಪರದೆಯ ಮೇಲಿನ ಶತ್ರುಗಳನ್ನೆಲ್ಲ ಒಮ್ಮೆಗೇ ಮುಗಿಸುವ ಗ್ರೆನೇಡಿನ ಜಾಗಕ್ಕೆ ಗರ್ನಲ್! ಹಂದಿ ಓಡಿಸಲು ರಾತ್ರಿ ಗರ್ನಲ್ ಹೊಡೆಯುವ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. “ಹಂದಿ ಗುಂಡು ಹೊಡಿಯುದು ಹೇಗೆ ಮಾರಾಯ?” ಅಂತ ನಾನು ಕೇಳಿದ್ದಕ್ಕೆ “ಗುಂಡಲ್ಲ ಮಾಮ, ಮಣ್ಣಿನ ಹೆಂಟೆ” ಅಂದ. ಸರಿ, ಹೆಂಟೆ.

ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಆ ಯಂತ್ರದಲ್ಲಿ ಚಿತ್ರಗಳೆಲ್ಲ 8×8 ಚುಕ್ಕಿಯ ತುಂಡುಗಳು. ಒಂದು ಚುಕ್ಕಿಗೆ ಎರಡು ಬಿಟ್, ಹಾಗಾಗಿ ಒಂದು ತುಂಡಿಗೆ 16 ಬೈಟ್. ನಾಲ್ಕು ತುಂಡು ಸೇರಿದರೆ ಒಂದು ಟ್ಯಾಂಕ್, 64 ಬೈಟ್. ನಾಲ್ಕು ದಿಕ್ಕಿಗೆ ನಾಲ್ಕು ಚಿತ್ರ, ಓಡುವ ಹಾಗೆ ಕಾಣಲು ಪ್ರತಿಯೊಂದಕ್ಕೂ ಇನ್ನೊಂದು. ಒಟ್ಟು 512 ಬೈಟಿನಲ್ಲಿ ಒಂದು ಹಂದಿ ತಯಾರು. ಹುಡುಗ ಗಣಿತದ ಚೌಕುಳಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಹಂದಿ ಬಿಡಿಸಿದ, ನಾನು ಟೈಲ್ ಎಡಿಟರಿನಲ್ಲಿ ತುಂಬಿದೆ. ಸೊನ್ನೆ ಒಂದುಗಳೆಂದರೆ ಏನು ಅಂತ ಅವನಿಗೆ ಆ ಮೂರು ದಿನದಲ್ಲಿ ಅರ್ಥವಾದಷ್ಟು ನನಗೆ ಇಂಜಿನಿಯರಿಂಗಿನ ಒಂದು ಸೆಮಿಸ್ಟರಿನಲ್ಲಿ ಅರ್ಥವಾಗಿರಲಿಲ್ಲ.

ಬೆಂಗಳೂರಿಗೆ ಬಂದು ಖುಷಿಯಿಂದ ಸಹೋದ್ಯೋಗಿಯೊಬ್ಬನಿಗೆ ತೋರಿಸಿದೆ. ಅವನು ನಕ್ಕ, ಎರಡು ಹಂತ ಆಡಿದ, ಆಮೇಲೆ ಹೇಳಿದ, “ಚೆನ್ನಾಗಿದೆ. ಆದ್ರೆ ಬೇಜಾರ್ ಮಾಡ್ಕೋಬೇಡ, ಇದು ಕದ್ದಿದ್ದೇ ಅಲ್ವಾ? ನೀನು ಬರೆದ ಕೋಡನ್ನ ಯಾರಾದ್ರೂ ಹೀಗೆ ತಿದ್ದಿ ಹಂಚಿದ್ರೆ ಸುಮ್ನಿರ್ತಿದ್ಯಾ?”

ಪ್ರಶ್ನೆ ನ್ಯಾಯವಾದದ್ದೇ. ಕೋಡ್ ಬರೆದು ಹೊಟ್ಟೆ ಹೊರೆಯುವವನು ನಾನು. ಆದ್ದರಿಂದ ಸ್ವಲ್ಪ ಓದಿದೆ. ಓದಿದಷ್ಟೂ ‘ಕದ್ದದ್ದು’ ಅನ್ನುವ ಒಂದೇ ಶಬ್ದದಲ್ಲಿ ಮುಗಿಸುವ ವಿಷಯ ಇದಲ್ಲ ಅನ್ನಿಸಿತು.

ಈ ಜಗಳ ಶುರುವಾದದ್ದೇ ಆರ್ಕೇಡಿನ ಗುಂಡು ಹೊಡೆಯುವ ಆಟಗಳಿಂದ. 1979ರಲ್ಲಿ ನಾಮ್ಕೊದ ಗ್ಯಾಲಾಕ್ಸಿಯನ್ ಬಂತು. ಅಮೆರಿಕದಲ್ಲಿ ಅದರ ಹಕ್ಕು ಮಿಡ್‌ವೇ ಕಂಪೆನಿಗೆ. ಆಡಿ ಆಡಿ ಪಳಗಿದ ಹುಡುಗರು ಒಂದೇ ನಾಣ್ಯದಲ್ಲಿ ಗಂಟೆಗಟ್ಟಲೆ ಆಡತೊಡಗಿದರೆ ಪೆಟ್ಟಿಗೆ ಇಟ್ಟ ಅಂಗಡಿಯವನಿಗೆ ನಷ್ಟ. ಅವನಿಗಾಗಿ ಆರ್ಟಿಕ್ ಅನ್ನುವ ಕಂಪೆನಿ ಗ್ಯಾಲಾಕ್ಸಿಯನ್ನಿನ ವೇಗ ಹೆಚ್ಚಿಸುವ ಬೋರ್ಡ್ ಮಾರಿತು. ಮಿಡ್‌ವೇ ಕೋರ್ಟಿಗೆ ಹೋಯಿತು. 1983ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಆರ್ಟಿಕ್ ವಿರುದ್ಧ ತೀರ್ಪು ಕೊಟ್ಟಿತು. ಅದರಲ್ಲೊಂದು ಸ್ವಾರಸ್ಯ ಉಂಟು. ಗ್ರಾಮಾಫೋನ್ ತಟ್ಟೆಯನ್ನು ವೇಗವಾಗಿ ತಿರುಗಿಸಿದರೆ ಅದನ್ನು ಹೊಸ ಕೃತಿ ಅನ್ನಲಾಗದು, ಆದರೆ ವೇಗ ಹೆಚ್ಚಿಸಿದ ಆಟಕ್ಕೆ ಬೇಡಿಕೆ ಇದೆ, ಜನ ದುಡ್ಡು ಕೊಡುತ್ತಾರೆ, ಆ ದುಡ್ಡು ಮೂಲ ಆಟದ ಒಡೆಯನಿಗೆ ಸೇರಬೇಕು ಅನ್ನುವುದು ನ್ಯಾಯಾಲಯದ ತರ್ಕ. ಅಂದರೆ ಅಲ್ಲಿ ತೂಗಿದ್ದು ತಿದ್ದಿದ ಕೆಲಸವನ್ನು ಮಾತ್ರ ಅಲ್ಲ, ಅದರ ಮಾರಾಟವನ್ನೂ.

ಹೆಚ್ಚುಕಡಿಮೆ ಅದೇ ಕಾಲದ ಇನ್ನೊಂದು ಕತೆ ಪೂರ್ತಿ ಬೇರೆ ದಾರಿ ಹಿಡಿಯಿತು. 1980ರಲ್ಲಿ ಅಟಾರಿಯ ಮಿಸೈಲ್ ಕಮಾಂಡ್ ಬಂತು. ಮೇಲಿನಿಂದ ಬೀಳುವ ಕ್ಷಿಪಣಿಗಳಿಂದ ಆರು ನಗರ ಕಾಯುವ ಆಟ. ಎಂಐಟಿಯಲ್ಲಿ ಓದುತ್ತಿದ್ದ ಡಗ್ ಮೆಕ್ರೆ ಮತ್ತು ಕೆವಿನ್ ಕರನ್ ಹಾಸ್ಟೆಲಿನಲ್ಲಿ ಈ ಪೆಟ್ಟಿಗೆಗಳನ್ನು ಇಟ್ಟು ಸಂಪಾದಿಸುತ್ತಿದ್ದರು. ಹುಡುಗರಿಗೆ ಆಟ ಬೇಸರ ಬಂದಾಗ ಇವರೇ ಒಂದು ಬೋರ್ಡ್ ತಯಾರಿಸಿ, ಲೇಸರ್ ಬಿಡುವ ಹಾರುವ ತಟ್ಟೆ ಸೇರಿಸಿ, ‘ಸೂಪರ್ ಮಿಸೈಲ್ ಅಟ್ಯಾಕ್’ ಅಂತ ಹೆಸರಿಟ್ಟು 295 ಡಾಲರಿಗೆ ಒಂದರಂತೆ ಮಾರಿದರು. ಅಟಾರಿ 1981ರಲ್ಲಿ ಒಂದೂವರೆ ಕೋಟಿ ಡಾಲರಿನ ದಾವೆ ಹಾಕಿತು. ಇಷ್ಟರ ಮೇಲೆ ಏನಾಯಿತು ಗೊತ್ತಾ? ಅಟಾರಿಯೇ ರಾಜಿಗೆ ಬಂದು, ತಿಂಗಳಿಗೆ 50,000 ಡಾಲರಿನಂತೆ ಎರಡು ವರ್ಷ ಕೊಟ್ಟು ಆ ಹುಡುಗರಿಂದಲೇ ಆಟ ಮಾಡಿಸಿಕೊಂಡಿತು! ಅವರು ಪ್ಯಾಕ್-ಮ್ಯಾನ್ ಆಟಕ್ಕೆ ಮಾಡಿದ್ದ ಇನ್ನೊಂದು ತಿದ್ದುಪಡಿಯನ್ನು ಮಿಡ್‌ವೇ ತೆಗೆದುಕೊಂಡಿತು. ಅದೇ 1982ರ ಮಿಸ್ ಪ್ಯಾಕ್-ಮ್ಯಾನ್, ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪೆಟ್ಟಿಗೆ ಹೋದ ಆಟ.

ಇಬ್ಬರೂ ತಿದ್ದಿದವರೇ. ಆರ್ಟಿಕ್ ಇದ್ದದ್ದನ್ನೇ ಜೋರಾಗಿ ಓಡಿಸಿತು. ಈ ಹುಡುಗರು ಆಟದಲ್ಲಿ ಇಲ್ಲದ್ದೊಂದನ್ನು ಕಂಡು ಸೇರಿಸಿದರು. ಮೂಲ ಕಂಪೆನಿಗೇ ಅವರ ಕೈಚಳಕ ಬೇಕಾಯಿತು.

ನಮ್ಮ ಕಾನೂನು ಏನನ್ನುತ್ತದೆ? 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ, ಯಾವುದೆಲ್ಲ ಉಲ್ಲಂಘನೆ ಅಲ್ಲ ಅನ್ನುವ ಒಂದು ಉದ್ದ ಪಟ್ಟಿ ಉಂಟು. 1999ರ ತಿದ್ದುಪಡಿಯಲ್ಲಿ ಸೇರಿದ 52(1)(ಎಡಿ) ಪ್ರಕಾರ, ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ ಸ್ವಂತದ, ಲಾಭದ ಉದ್ದೇಶ ಇಲ್ಲದ ಬಳಕೆಗೆ ಕಂಪ್ಯೂಟರ್ ಪ್ರೋಗ್ರಾಮಿನ ನಕಲು ಅಥವಾ ರೂಪಾಂತರ ಮಾಡಿಕೊಳ್ಳಬಹುದು. ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತದೆ ಅಂತ ಬಿಚ್ಚಿ ನೋಡಿ ಕಲಿಯಲೂ ಅದರ ಹಿಂದಿನ ಉಪಕಲಮಿನಲ್ಲಿ ಅವಕಾಶ ಉಂಟು. ಹಾಗಾಗಿ ನನ್ನ ಅಸಲಿ ಕ್ಯಾಸೆಟ್‌ನಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಮಾಡಿದ ಹಂದಿ ಆಟ ಕಳ್ಳತನ ಅಲ್ಲ. ಸಹೋದ್ಯೋಗಿಗೆ ಇದನ್ನು ಹೇಳಿದಾಗ ಅವನಿಗೂ ಆಶ್ಚರ್ಯ.

ಆದರೆ ತೊಡಕು ಮುಂದೆ ಉಂಟು. ‘ಸ್ವಂತದ ಬಳಕೆ’ ಅನ್ನುವಲ್ಲಿಗೆ ಆ ರಿಯಾಯಿತಿ ನಿಂತುಹೋಗುತ್ತದೆ.

ಅಳಿಯ ಹೋಗಿ ಶಾಲೆಯಲ್ಲೆಲ್ಲ ಹೇಳಿಬಿಟ್ಟಿದ್ದ. ಅವನ ಟೀಚರ್ ಫೋನ್ ಮಾಡಿ, “ಆ ಹಂದಿ ಗೇಮನ್ನು ನಮ್ಮ ಕಂಪ್ಯೂಟರ್ ಲ್ಯಾಬಿಗೆ ಹಾಕಿ ಕೊಡ್ತೀರಾ? ಮಕ್ಕಳಿಗೆ ಖುಷಿ ಆಗ್ತದೆ” ಅಂದರು. ನಾನು ಆಗಲಿ ಅನ್ನಲಿಲ್ಲ. ಲ್ಯಾಬಿನ ಹತ್ತು ಕಂಪ್ಯೂಟರಿಗೆ ನಾಮ್ಕೊದ 24 ಕಿಲೋಬೈಟನ್ನು ನಾನು ಹಂಚುವ ಹಾಗಿಲ್ಲ. ಬದಲಿಗೆ ನನ್ನ ಲ್ಯಾಪ್‌ಟಾಪನ್ನೇ ತೆಗೆದುಕೊಂಡು ಹೋಗಿ ಒಂದು ಮಧ್ಯಾಹ್ನ ತೋರಿಸಿದೆ. ಮಕ್ಕಳು ಆಡಲು ಸಾಲು ನಿಂತದ್ದು ದೊಡ್ಡ ವಿಷಯ ಅಲ್ಲ. ಒಬ್ಬಳು ಹುಡುಗಿ ಆಡಲೇ ಇಲ್ಲ. ಚೌಕುಳಿ ಪುಸ್ತಕ ತೆಗೆದು ಹದಿನಾರು ಮನೆ ಅಡ್ಡ, ಹದಿನಾರು ಮನೆ ಉದ್ದ ಎಣಿಸಿ ಕಂಬಳದ ಕೋಣ ಬಿಡಿಸಿ ತಂದು, “ಟಿಲ್ಲರ್ ಬೇಡ, ಇದನ್ನು ಹಾಕಿ. ಮತ್ತೆ ಇದು ಕೆಸರಲ್ಲಿ ಜಾರ್ಬಾರ್ದು” ಅಂದಳು. ಕೆಸರಿನಲ್ಲಿ ಜಾರದ ಹಾಗೆ ಮಾಡಬೇಕಾದರೆ ಚಿತ್ರ ಬದಲಿಸಿದರೆ ಸಾಲದು, ಪ್ರೋಗ್ರಾಮಿಗೇ ಕೈ ಹಾಕಬೇಕು. ಯಾರೂ ಹೇಳಿಕೊಡದೆ ಆ ಹುಡುಗಿ ಚಿತ್ರದಿಂದ ನಿಯಮಕ್ಕೆ ದಾಟಿದ್ದಳು! ಸಂಜೆ ನನ್ನ ಲ್ಯಾಪ್‌ಟಾಪ್ ನನ್ನ ಜೊತೆ ಮನೆಗೆ ಬಂತು. ಅವಳ ಕೋಣ ಪುಸ್ತಕದಲ್ಲೇ ಉಳಿಯಿತು.

ನನಗೆ ಕೊರೆಯುವುದು ಇದು.

ಇದಕ್ಕೆ ತಂತ್ರಜ್ಞಾನದಲ್ಲಿ ಒಂದು ಒಳ್ಳೆಯ ಉಪಾಯ ಆಗಲೇ ಉಂಟು. ಐಪಿಎಸ್ ಅಂತ (ಪೊಲೀಸ್ ಅಲ್ಲ :)) ಒಂದು ಪ್ಯಾಚ್ ಫೈಲ್. ಅದರಲ್ಲಿ ಮೂಲ ಆಟ ಇರುವುದಿಲ್ಲ. ಇಂಥ ಜಾಗದಿಂದ ಇಷ್ಟು ಬೈಟ್ ತೆಗೆದು ಇದನ್ನು ಹಾಕು ಅನ್ನುವ ಪಟ್ಟಿ ಮಾತ್ರ. ಮೂರು ಬೈಟಿನಲ್ಲಿ ಜಾಗ, ಎರಡು ಬೈಟಿನಲ್ಲಿ ಉದ್ದ, ಆಮೇಲೆ ಹೊಸ ಮಾಹಿತಿ. ಪುಸ್ತಕ ಹಂಚದೆ ಒಪ್ಪೋಲೆ ಹಂಚಿದ ಹಾಗೆ. ಅಸಲಿ ಆಟ ಇದ್ದವರು ಮಾತ್ರ ಅದನ್ನು ಬಳಸಲು ಸಾಧ್ಯ. ಪ್ರಪಂಚದ ಹವ್ಯಾಸಿಗಳು ಎಷ್ಟೋ ವರ್ಷದಿಂದ ಹೀಗೇ ಹಂಚಿಕೊಳ್ಳುತ್ತಾರೆ. ಆದರೆ ನಮ್ಮ ಕಾಯ್ದೆ ಪ್ಯಾಚ್ ಎಂಬುದರ ಹೆಸರನ್ನೂ ಎತ್ತುವುದಿಲ್ಲ.

ಹವ್ಯಾಸಿ ಅಂದಾಗ ನನಗೆ ಯಕ್ಷಗಾನ ನೆನಪಾಗುತ್ತದೆ. ನಮ್ಮ ಊರಿನವರಿಗೆ ಇನ್ನೊಬ್ಬರ ಕೃತಿಯನ್ನು ತಮ್ಮದಾಗಿ ಮಾಡಿಕೊಳ್ಳುವುದು ಹೊಸತಲ್ಲ. ಪಾರ್ತಿಸುಬ್ಬನ ಪಂಚವಟಿಯನ್ನು ಒಂದು ಮೇಳ ಆಡಿದ ಹಾಗೆ ಇನ್ನೊಂದು ಆಡುವುದಿಲ್ಲ. ಪದ್ಯ ಕವಿಯದ್ದು, ಅರ್ಥ ಪಾತ್ರಧಾರಿಯದ್ದು. 1887ರಲ್ಲೇ ಬಾಯಾರು ಸಂಕಯ್ಯ ಭಾಗವತರ ತುಳು ಪಂಚವಟಿ ಅಚ್ಚಾಗಿತ್ತು. ಸೀತೆ, ಶೂರ್ಪನಖಿ ಎಲ್ಲ ಅದರಲ್ಲಿ ತುಳುವಿಗೆ ಬಂದರು. ನಮ್ಮ ಹಂದಿ ಆಟಕ್ಕೂ ಅದಕ್ಕೂ ಯೋಗ್ಯತೆಯಲ್ಲಿ ಹೋಲಿಕೆ ಇಲ್ಲ. ಆದರೆ ಹೊರಗಿನದ್ದನ್ನು ಮನೆ ಭಾಷೆಗೆ ಎಳೆದು ತರುವ ಆಸೆ ಒಂದೇ.

ಹಾಗಂತ ಯಕ್ಷಗಾನದಲ್ಲಿ ಕಾಪಿರೈಟ್ ಜಗಳ ಇಲ್ಲ ಅಂದುಕೊಳ್ಳಬೇಡಿ. ಶಿವರಾಮ ಕಾರಂತರು ಯಕ್ಷಗಾನವನ್ನು ಎಷ್ಟು ಬದಲಿಸಿದರು ಅಂತ ಎಲ್ಲರಿಗೂ ಗೊತ್ತು. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವು ಗಂಟೆಗೆ ಇಳಿಸಿದರು, ಮಾತು ತೆಗೆದು ಬ್ಯಾಲೆ ಮಾಡಿದರು, ಪಿಟೀಲು, ಸ್ಯಾಕ್ಸೋಫೋನ್ ತಂದರು. ಕಾರಂತರ ನಂತರ ಆ ಬ್ಯಾಲೆಗಳ ಹಕ್ಕು ಅವರ ಉಯಿಲಿನಂತೆ ಬಿ. ಮಾಲಿನಿ ಮಲ್ಯ ಅವರಿಗೆ ಬಂತು. 2001ರಲ್ಲಿ ದೆಹಲಿಯಲ್ಲಿ ಅಭಿಮನ್ಯು ವಧೆ ಪ್ರದರ್ಶನವಾದಾಗ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮೇಲೆ ಅವರು ದಾವೆ ಹೂಡಿದರು. ಅದು ಸುಪ್ರೀಂ ಕೋರ್ಟ್ ತನಕ ಹೋಗಿ 2009ರ ಜನವರಿಯಲ್ಲಿ ತೀರ್ಪು ಬಂತು. ನನಗೆ ಅದರಲ್ಲಿ ಎರಡು ವಿಷಯ ಮುಖ್ಯ ಅನ್ನಿಸುತ್ತದೆ. ಹಳೆಯ ಕಲೆಯನ್ನು ತಿದ್ದಿ ಕಾರಂತರು ರೂಪಿಸಿದ್ದು ಅವರದ್ದೇ ಕೃತಿಯಾಗಿ ಹಕ್ಕು ಪಡೆಯಿತು. ಅದರ ಜೊತೆಗೇ, 52ನೇ ಕಲಮಿನ ರಿಯಾಯಿತಿಗಳಿಗೆ ಅಡ್ಡಿ ಆಗಬಾರದು ಅಂತ ನ್ಯಾಯಾಲಯ ಹೇಳಿತು.

ಆ ರಿಯಾಯಿತಿಗಳಲ್ಲಿ ಒಂದು 52(1)(ಎಲ್). ಹವ್ಯಾಸಿ ಸಂಘವೊಂದು ಟಿಕೆಟ್ ಇಡದೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ, ನಾಟಕವನ್ನೋ ಸಂಗೀತವನ್ನೋ ಪ್ರದರ್ಶಿಸಿದರೆ ಅದು ಉಲ್ಲಂಘನೆ ಅಲ್ಲ. ದೇವಸ್ಥಾನದ ಅಂಗಳದಲ್ಲೋ ಶಾಲೆಯ ಮೈದಾನದಲ್ಲೋ ಆಡುವ ನಮ್ಮ ಊರ ಸಂಘಗಳಿಗೆ ಕಾನೂನು ಬಿಟ್ಟುಕೊಟ್ಟ ಜಾಗ ಇದು. ಹವ್ಯಾಸಿಗಳು ಆಡದಿದ್ದರೆ ಕಲೆಗೆ ಹೊಸ ಕಲಾವಿದ ಎಲ್ಲಿಂದ ಬರಬೇಕು ಅನ್ನುವ ತಿಳುವಳಿಕೆ ಇದರ ಹಿಂದೆ ಇರಬೇಕು ಅಂತ ನನ್ನ ಅನಿಸಿಕೆ.

ಹಾಗಾದರೆ ಹವ್ಯಾಸಿ ಪ್ರೋಗ್ರಾಮರ್ ಏನು ಪಾಪ ಮಾಡಿದ? ದುಡ್ಡಿಲ್ಲದೆ ನಾಟಕ ಆಡುವ ಸಂಘಕ್ಕೆ ಇರುವ ರಿಯಾಯಿತಿ, ದುಡ್ಡಿಲ್ಲದೆ ಪ್ಯಾಚ್ ಹಂಚುವ ಹುಡುಗ ಹುಡುಗಿಯರಿಗೂ ಬೇಕು. ನಾನು ಹೇಳಬೇಕಾದ ಮಾತು ಇಷ್ಟೇ. ಅದಕ್ಕೆ ಮೂರು ಕಟ್ಟಳೆ ಇರಲಿ. ಮೂಲ ಆಟವನ್ನು ಹಂಚಬಾರದು, ಬದಲಾವಣೆ ಮಾತ್ರ ಹಂಚಬೇಕು. ಒಂದು ರೂಪಾಯಿಯೂ ತೆಗೆದುಕೊಳ್ಳಬಾರದು. ಮೂಲದವರ ಹೆಸರು ಅಳಿಸಬಾರದು.

ಮೂರನೆಯದಕ್ಕೆ ನಾನು ಹೆಚ್ಚು ಒತ್ತು ಕೊಡುತ್ತೇನೆ. ಬ್ಯಾಟಲ್ ಸಿಟಿಯ ಪ್ರೋಗ್ರಾಮಿನೊಳಗೆ ಸಾಮಾನ್ಯವಾಗಿ ಪರದೆಗೆ ಬಾರದ ಒಂದು ಬರಹ ಅಡಗಿದೆ. ಈ ಪ್ರೋಗ್ರಾಮನ್ನು ಬರೆದವನು ಓಪನ್-ರೀಚ್, ಅವನು ನೊರಿಕೊ ಎಂಬವಳನ್ನು ಪ್ರೀತಿಸುತ್ತಾನೆ ಅನ್ನುವ ಅರ್ಥದ್ದು! ಆ ಕಾಲದಲ್ಲಿ ಆಟ ಬರೆದವರ ಹೆಸರನ್ನು ಕಂಪೆನಿಗಳು ಹಾಕುತ್ತಿದ್ದದ್ದು ಕಡಿಮೆ. ಪಾಪ, ಆ ಮನುಷ್ಯ 24 ಕಿಲೋಬೈಟಿನ ಇಕ್ಕಟ್ಟಿನಲ್ಲೂ ತನ್ನ ಪ್ರೀತಿಗೆ ಒಂದಿಷ್ಟು ಬೈಟ್ ಉಳಿಸಿಕೊಂಡಿದ್ದ. ನಮ್ಮ ಪ್ಯಾಚಿನಲ್ಲಿ ಹದ್ದು ಹೋಯಿತು, ಟ್ಯಾಂಕ್ ಹೋಯಿತು, ಆ ಸಾಲಿಗೆ ಮಾತ್ರ ನಾನು ಕೈ ಹಚ್ಚಲಿಲ್ಲ. ಟ್ಯಾಂಕ್ 1990 ಕ್ಯಾಸೆಟ್ ಮಾರಿದವರ ಮೇಲೆ ನನ್ನ ದೂರು ಅವರು ಆಟ ತಿದ್ದಿದರು ಅಂತ ಅಲ್ಲ. ದೋಣಿ ಒಳ್ಳೆಯ ಯೋಚನೆಯೇ. ಹೆಸರು ಕಿತ್ತು, ಇಡೀ ಆಟವನ್ನೇ ನಕಲು ಮಾಡಿ ಮಾರಿದರು ಅನ್ನುವುದು ದೂರು. ಅದು ಕಳ್ಳತನವೇ, ಅನುಮಾನ ಇಲ್ಲ.

“ಇದಕ್ಕೆಲ್ಲ ಬಿಟ್ಟರೆ ನಾಳೆ ಕಂಪೆನಿಗಳ ಗತಿ ಏನು?” ಅಂತ ನನ್ನ ಸಹೋದ್ಯೋಗಿ ಕೇಳುತ್ತಾನೆ. ಪ್ಯಾಚ್ ಹಾಕಲು ಅಸಲಿ ಆಟ ಬೇಕು, ಹಾಗಾಗಿ ಪ್ಯಾಚ್ ಒಳ್ಳೆಯದಿದ್ದರೆ ಅಸಲಿಗೇ ಗಿರಾಕಿ. ಬಂದೈ ನಾಮ್ಕೊ 2020ರಲ್ಲಿ ಬ್ಯಾಟಲ್ ಸಿಟಿಯನ್ನು ಹಳೆಯ ಆಟಗಳ ಒಂದು ಸಂಗ್ರಹದಲ್ಲಿ ಮತ್ತೆ ಬಿಡುಗಡೆ ಮಾಡಿತು. 35 ವರ್ಷದ ಮೇಲೂ ಅದನ್ನು ಕೊಳ್ಳುವವರು ಉಂಟು ಅಂದರೆ ಆಟವನ್ನು ನೆನಪಿನಲ್ಲಿ ಉಳಿಸಿದ ಅಭಿಮಾನಿಗಳ ಪಾಲೂ ಅದರಲ್ಲಿ ಉಂಟು. ಹೊಸ ಆಟಗಳ ಮಾತು ಬೇರೆ. ನಿನ್ನೆ ಮೊನ್ನೆ ಬಂದ, ಇನ್ನೂ ಹಾಕಿದ ಬಂಡವಾಳ ಹುಟ್ಟದ ಆಟಕ್ಕೆ ಇಷ್ಟು ಸಲಿಗೆ ಬೇಡ ಅಂದರೆ ನಾನು ವಾದಿಸುವುದಿಲ್ಲ. ಇಷ್ಟು ವರ್ಷ ಕಳೆದ ಮೇಲೆ ಅಂತ ಒಂದು ಗಡುವು ಇಟ್ಟರೂ ಆದೀತು.

ಇನ್ನೊಂದು ವಾದ ಉಂಟು. ಕಲಿಯಬೇಕಾದರೆ ಸ್ವಂತ ಆಟ ಬರೆಯಲಿ, ಬೇರೆಯವರದ್ದು ಯಾಕೆ? ಬರೆಯಲಿ, ಖಂಡಿತ. ಆದರೆ ಚೆಂಡೆ ಕಲಿಯುವವನಿಗೆ ಮೊದಲ ದಿನವೇ ಹೊಸ ತಾಳ ಕಟ್ಟು ಅನ್ನುತ್ತೇವಾ? ಖಾಲಿ ಪರದೆಯ ಎದುರು ಕೂತ ಮಗುವಿಗೆ ಏನೂ ತೋಚುವುದಿಲ್ಲ. ಆಗಲೇ ಓಡುತ್ತಿರುವ ಆಟದಲ್ಲಿ ಒಂದು ಅಂಕಿ ಬದಲಿಸಿ, ಮೂರು ಜೀವ ಒಂಬತ್ತಾದದ್ದನ್ನು ನೋಡಿದ ಮಗು ಮತ್ತೆ ಬಿಡುವುದಿಲ್ಲ. ಬ್ಯಾಟಲ್ ಸಿಟಿ ಮಾಡಿದವರಿಗೇ ಇದು ಗೊತ್ತಿತ್ತು. ಮೊದಲ ಪರದೆಯಲ್ಲೇ ‘ಕನ್‌ಸ್ಟ್ರಕ್ಷನ್’ ಅಂತ ಒಂದು ಆಯ್ಕೆ ಇಟ್ಟಿದ್ದರು, ನೆನಪುಂಟಾ? ನಮ್ಮದೇ ಹಂತ ಕಟ್ಟಿ ಆಡಬಹುದಿತ್ತು. ಸ್ವಿಚ್ ಆಫ್ ಮಾಡಿದರೆ ಅಳಿಸಿಹೋಗುತ್ತಿತ್ತು ಅನ್ನುವುದೊಂದೇ ಬೇಸರ. ಬನ್ನಿ, ಇದಕ್ಕೆ ಕೈ ಹಾಕಿ ಅಂತ ಮೂಲ ಆಟವೇ 1985ರಲ್ಲಿ ಮಕ್ಕಳನ್ನು ಕರೆದಿತ್ತು.

ಭಾರತದಲ್ಲಿ ಗೇಮ್ ಮಾಡುವ ಕಂಪೆನಿಗಳು ಬೆಳೆಯಬೇಕು ಅಂತ ಈಗ ಎಲ್ಲರೂ ಭಾಷಣ ಮಾಡುತ್ತಾರೆ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಶುರುವಾಗಿತ್ತು, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ನಮ್ಮವರಿಗೆ ಕೈಕೆಲಸ ಗೊತ್ತು ಅನ್ನುವುದರಲ್ಲಿ ಸಂಶಯ ಇಲ್ಲ. ಆದರೆ ಗರ್ನಲ್, ಮುಟ್ಟಾಳೆ, ಮುರಕಲ್ಲು ಇರುವ ಆಟ ಯಾವ ದೊಡ್ಡ ಕಂಪೆನಿಯ ಮೀಟಿಂಗಿನಲ್ಲೂ ಹುಟ್ಟಲಿಕ್ಕಿಲ್ಲ. ಅದು ಗಣಿತದ ಚೌಕುಳಿ ಪುಸ್ತಕದ ಕೊನೆಯ ಹಾಳೆಯಲ್ಲಿ ಹುಟ್ಟುವಂಥದ್ದು. ಆ ಹಾಳೆಯಿಂದ ಲ್ಯಾಬಿನ ಕಂಪ್ಯೂಟರಿಗೆ ಹೋಗಲು ಒಂದು ನೇರ ದಾರಿ ಕಾನೂನಿನಲ್ಲಿ ಇರಲಿ ಅನ್ನುವುದಷ್ಟೇ ನನ್ನ ಬೇಡಿಕೆ.

ನಿಮಗೇನನ್ನಿಸುತ್ತದೆ? ಒಪ್ಪದಿದ್ದರೂ ಪರವಾಗಿಲ್ಲ, ಯಾಕೆ ಅಂತ ಹೇಳಿ. ಸಹೋದ್ಯೋಗಿಯಂತೂ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಊಟದ ಬಿಡುವಿನಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಹಂದಿ ಓಡಿಸಿ ಓಡಿಸಿ ಹನ್ನೆರಡನೇ ಹಂತಕ್ಕೆ ಬಂದಿದ್ದಾನೆ.